ಅಕ್ಕ ಕಾಲಿಟ್ಟ ಕೋಣೆ

ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಕತ್ತರಿಸಿ ಅಕ್ಕನ ಹೆಬ್ಬೆರಳು ಕಪ್ಪುಹಸಿರಾಗಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ರೇಷ್ಮೆ ಹುಳುಗಳನ್ನು ಬೈಯುತ್ತಲೇ ಸಾಕುತ್ತಿದ್ದಳು. "ತಿನ್ರೋ ಸೋಮಾರಿಗಳಾ!"

ಭಾವ ತೀರಿಕೊಂಡ ಮೇಲೆ, ಮಳೆಗಾಲದ ಬೆಳೆಗೆ ಕೈ ಸಾಲದೆ ನಾನೇ ಅವಳನ್ನು ಚಿಂತಾಮಣಿಯಿಂದ ನಮ್ಮೂರು ಸಾದಲಿಗೆ ಕರೆಸುತ್ತಿದ್ದೆ. ಅದು ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಎರಡು ವರ್ಷ ಬಂದಳು, ಎರಡು ಸಲವೂ ಹುಳು ಕೊಳೆತು ಸತ್ತವು. ಬೀದಿಯವರ ಮುಂದೆ ಅಂದೆ: "ವಿಧವೆ ಕಾಲಿಟ್ರೆ ಇನ್ನೇನಾಗ್ತದೆ?"

ಮೂರನೆಯ ವರ್ಷ ಕರೆಯದೆಯೇ ಬಂದಳು.

"ನನ್ ಜೊತೆ ಮಳೇನೂ ಬಂದಿತ್ತಲ್ಲೋ, ಅದನ್ಯಾಕೆ ಬೈಲಿಲ್ಲ? ಜೊತೇಲಿ ಬಂದೋರೆಲ್ಲಾ ಕೊಂದೋರೇನೋ? ಒಂದೇ ಮೊಟ್ಟೆ, ಒಂದೇ ತೋಟದ ಸೊಪ್ಪು, ಎರಡು ಕೋಣೆ. ಒಂದಕ್ಕೆ ಮಾತ್ರ ನಾನು ಹೋಗ್ತೀನಿ. ಯಾವುದಕ್ಕೆ ಅಂತ ಚೀಟಿ ಎತ್ತಣ. ನಾಲ್ಕನೇ ಕ್ಲಾಸಿನ ಪಂಡಿತ, ಆಮೇಲೆ ಹೇಳು."

ಬೀದಿಯವರು ನಕ್ಕರು. ಆ ನಗು ನನ್ನನ್ನು ಸುಟ್ಟಿತು. ಇವಳು ಗೆಲ್ಲಬಾರದು ಎಂದುಕೊಂಡೆ.

ಎದುರುಮನೆಯ ಅಜ್ಜಿ ಚೀಟಿ ಎತ್ತಿದರು. ಅಕ್ಕನಿಗೆ ಮೂಡಣ ಕೋಣೆ ಬಂತು. ಮಳೆಯ ಬಗ್ಗೆ ಅವಳಾಡಿದ ಮಾತು ನೆನೆದು, ಅವಳು ಸ್ನಾನಕ್ಕೆ ಹೋದಾಗಲೆಲ್ಲ ನಾನು ಆ ಕೋಣೆಯ ಸೊಪ್ಪಿಗೆ ನೀರು ಚಿಮುಕಿಸಿದೆ. ಪೂರಾ ಬೆಳೆ ಕಳೆದುಕೊಳ್ಳಲು ಮನಸ್ಸಾಗದೆ ಕೆಳಗಿನ ಸಾಲಿನ ಹುಳುತಟ್ಟೆಗಳಿಗೆ ಮಾತ್ರ. ಆ ಹುಳುಗಳು ಕೊಳೆತವು; ಇನ್ನೊಂದು ಕೋಣೆಯವು ಚೆನ್ನಾಗಿದ್ದವು. ಬೀದಿಯವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಇವಳದೇ ಗ್ರಹಚಾರ" ಎಂದು ತಿರುಗಿದರು.

ಅಕ್ಕ ಕೆಳಗಿನ ತಟ್ಟೆಯ ಒಂದು ಎಲೆಯನ್ನು ಕೆನ್ನೆಗೆ ಒತ್ತಿ ತೇವ ನೋಡಿದಳು. "ಮೇಲಿನ ತಟ್ಟೆಗೂ ನಾನೇ ಕೈಯಾಡಿಸಿದ್ದು, ಅವು ಚೆನ್ನಾಗವೆ. ಕೆಳಗಿನವಕ್ಕೆ ನೀರು ಹಾಕ್ದೋರು ಯಾರಪ್ಪ?"

ನಾನು ಕೊಳೆತ ತಟ್ಟೆಯನ್ನು ಹೊರಗೆ ಎಳೆಯತೊಡಗಿದೆ.

"ಹುಳ ಕೊಲ್ಲೋದು ನನ್ ಕಾಲಲ್ಲ, ಒದ್ದೆ ಸೊಪ್ಪು ಅಂತ ನಿನ್ ಕೈಯೇ ತೋರಿಸ್ತು. ಹೋಗಿ ಬೀದೀಲಿ ಹೇಳು. ಹೇಳೋ ತನಕ ನನ್ ಮುಖ ನೋಡಬೇಡ."

ಅಂದೇ ಬಸ್ಸು ಹತ್ತಿದಳು. ಅಂದಿನಿಂದ ನಾನು ಒದ್ದೆ ಸೊಪ್ಪು ಹಾಕಲಿಲ್ಲ. ಮಳೆಗಾಲದ ಬೆಳೆ ಮತ್ತೆ ಕೆಡಲಿಲ್ಲ. ಜನ ಅಂದರು, "ನೋಡು, ನಿಮ್ಮಕ್ಕ ಬರೋದು ನಿಂತ್ಮೇಲೆ ಹೆಂಗೆ ಬೆಳೆ ಬರ್ತಾ ಐತೆ!" ನಾನು ತಲೆಯಾಡಿಸಿದೆ. ಒಂದು ಸಲವಲ್ಲ, ಪ್ರತಿ ಸಲ.

ಕೆಲವು ವರ್ಷಗಳ ಮೇಲೆ ಅವಳು ಸತ್ತ ಸುದ್ದಿ ಬಂತು. ಚಿಂತಾಮಣಿಗೆ ಓಡಿದೆ. ಅವಳು ಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕಿದ್ದ ಮನೆಯ ಮುಸ್ಲಿಂ ಹೆಂಗಸು ಅಕ್ಕನ ಬಾಗಿಲಿಗೆ ಅಡ್ಡ ನಿಂತರು. ಅವರ ಕಣ್ಣು ಅತ್ತು ಊದಿತ್ತು.

"ತಮ್ಮ ಬಂದ್ರೆ ಒಂದೇ ಮಾತು ಕೇಳು ಅಂದಿದ್ರು ಆಪಾ, ನಿಮ್ಮಕ್ಕ. ಬೀದೀಲಿ ಹೇಳಿದ್ರಾ?"

ಆಗಲೂ ಸುಳ್ಳು ಹೇಳಬಹುದಿತ್ತು. ಇಲ್ಲ ಎಂದು ತಲೆಯಾಡಿಸಿದೆ.

"ಹಂಗಾರೆ ಇಲ್ಲೇ ನಿಲ್ಲಿ."

ಅಕ್ಕನನ್ನು ನನ್ನ ಮುಂದೆಯೇ ಹೊತ್ತುಕೊಂಡು ಹೋದರು. ಹೆಗಲು ಕೊಟ್ಟವರೆಲ್ಲ ಹೊರಗಿನವರು.