ದೊಡ್ಡಕ್ಕನ ಪಾಲು

ಮೊನ್ನೆ ಹೊಲಿಗೆ ಯಂತ್ರದ ಮೇಲಿದ್ದ ಮದುವೆ ರವಿಕೆಯನ್ನು ಪಕ್ಕಕ್ಕೆ ಸರಿಸಿ ನಾಯಿಯ ಎದೆಪಟ್ಟಿಯನ್ನು ಎತ್ತಿಕೊಂಡೆ. ಉಪ್ಪುನೀರು, ಒಣಮೀನು, ಒದ್ದೆ ನಾಯಿ ಎಲ್ಲ ಸೇರಿದ ವಾಸನೆ. ರವಿಕೆಯ ಹುಡುಗಿ ಎದುರಿಗಿದ್ದರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ನನಗೆ ಮಾತ್ರ ಕಣ್ಣು ತುಂಬಿತು. ಆಟೋದ ಹಳೆಯ ಟಾರ್ಪಾಲನ್ನು ಮೂರು ಪದರ ಮಡಚಿ ಆ ಪಟ್ಟಿಯನ್ನು ಹೊಲಿದವಳು ನಾನೇ. ಹೊಲಿಸಿದವಳು ಆಚೆಮನೆಯ ದೊಡ್ಡಕ್ಕ...

ಅವಳು ಸಂಬಂಧದಲ್ಲಿ ನನಗೆ ಏನೂ ಅಲ್ಲ. ಅವಳ ತಮ್ಮ ಹಾಗೆ ಕರೆಯುತ್ತಿದ್ದ, ಶಿರೂರಿನ ಕಡಲಬದಿಯ ನಮ್ಮ ಓಣಿಯೂ ಹಾಗೇ ಕರೆಯಿತು. ಅವರ ಅಪ್ಪನ ಕೈರಂಪಣಿ ಬಲೆ ತಮ್ಮನಿಗೆ ಬಂದಿತ್ತು. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬಂದ ಮೇಲೆ, ದಡದಲ್ಲಿ ಸಾಲಾಗಿ ನಿಂತು ಹಗ್ಗ ಹಿಡಿದು ಎಳೆಯಬೇಕು. ನಮ್ಮ ದಂಡೆಯಲ್ಲಿ ಎಳೆಯುವವರು ಗಂಡಸರು. ಹೆಂಗಸರು ಬುಟ್ಟಿ ಇಟ್ಟುಕೊಂಡು ಮೇಲಿನ ಮರಳಿನಲ್ಲಿ ಕಾಯುವವರು. ಆ ಬಲೆಯ ಮೀನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರಿ ದೊಡ್ಡಕ್ಕನ ಕುತ್ತಿಗೆಯೇ ಸವೆದಿತ್ತು, ಆದರೂ ಹಗ್ಗಕ್ಕೆ ಅವಳ ಕೈ ತಾಗಿರಲಿಲ್ಲ. ಸಣ್ಣವಳಿದ್ದಾಗ ಹಿಡಿಯಲು ಹೋಗಿ ಅಪ್ಪನಿಂದ ಬೈಸಿಕೊಂಡಿದ್ದಳಂತೆ. ನಗುತ್ತಲೇ ಹೇಳುತ್ತಿದ್ದಳು, ಆದರೆ ಮತ್ತೆ ಮತ್ತೆ ಹೇಳುತ್ತಿದ್ದಳು.

ಬ್ರಹ್ಮಾವರದ ಆಚೆ, ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಒಂದು ಜಾಗವಿತ್ತು. ಹೊಲಿದು ಉಳಿದ ಚಿಂದಿಗಳಿಂದ ಹಾಸಿಗೆ ಮಾಡಿ ಅಲ್ಲಿಗೆ ಕೊಟ್ಟುಬರುವುದು ನನ್ನ ರೂಢಿ. ಒಂದು ಸಲ ಗಂಟು ಹೊರಲು ದೊಡ್ಡಕ್ಕನೂ ಜೊತೆಗೆ ಬಂದಳು. ಒಳಗೆ ಕಾಲಿಟ್ಟಿದ್ದೇ ತಡ, ಕರುವಿನಷ್ಟು ದೊಡ್ಡ ಕಂದು ನಾಯಿಯೊಂದು ನೋಡಿಕೊಳ್ಳುವ ಹುಡುಗಿಯನ್ನೇ ಎಳೆದುಕೊಂಡು ಬಂದು ದೊಡ್ಡಕ್ಕನ ಎದೆಗೆ ಎರಡೂ ಕಾಲು ಹಾಕಿತು. ಅವಳು ಬೀಳಲಿಲ್ಲ. ಅದರ ಕಿವಿ ಹಿಡಿದು ನಕ್ಕಳು. ಎರಡು ಮನೆಯವರು ಕೊಂಡುಹೋಗಿ ವಾಪಸು ತಂದು ಬಿಟ್ಟ ನಾಯಿ ಅದು. ಅದರ ಎಳೆತ ತಡೆಯಲಾಗುವುದಿಲ್ಲ ಎನ್ನುವುದೇ ದೂರು. ಹೊಂದದಿದ್ದರೆ ಬೀದಿಗೆ ಬಿಡಬೇಡಿ, ಇಲ್ಲಿಗೇ ತನ್ನಿ, ಆದರೆ ಇನ್ನೊಮ್ಮೆ ಬಂದರೆ ಅದನ್ನು ಕೇಳುವವರು ಯಾರೂ ಇರುವುದಿಲ್ಲ ಎಂದಳು ಹುಡುಗಿ. ಸಂಜೆ ಪರಿಚಯದವರ ಗೂಡ್ಸ್ ಆಟೋದ ಹಿಂದೆ ಮೀನಿನ ಬುಟ್ಟಿಗಳ ನಡುವೆ ದೊಡ್ಡಕ್ಕ ಭೀಮ ಎಂದು ಹೆಸರಿಟ್ಟ ಆ ನಾಯಿ ನಮ್ಮ ಓಣಿಗೆ ಬಂದಿಳಿಯಿತು.

ಬಂದವನು ಸುಮ್ಮನೆ ಕೂರಬೇಕಲ್ಲ. ಒಣಹಾಕಿದ ಮೀನಿನ ಚಾಪೆಯನ್ನೇ ಎಳೆದ, ತಮ್ಮನ ಬೈಕು ಬೀಳಿಸಿದ. ಒಂದು ಬೆಳಿಗ್ಗೆ ಬೆಕ್ಕು ಕಂಡು ಹಾರಿದಾಗ ದೊಡ್ಡಕ್ಕ ಕಲ್ಲುಕಟ್ಟೆಗೆ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ತಮ್ಮನಿಗೆ ರೇಗಿತು. ಬರುವ ಭಾನುವಾರ ತಾನೇ ಬ್ರಹ್ಮಾವರಕ್ಕೆ ಬಿಟ್ಟು ಬರುತ್ತೇನೆ, ಇದರಲ್ಲಿ ಮಾತಿಲ್ಲ ಎಂದ. ನಾನೂ ಅವನ ಪಕ್ಷವೇ. ಬ್ಯಾಂಡೇಜಿನ ಕೈ ನೋಡಿದವರು ಇನ್ನೇನು ಹೇಳುತ್ತಾರೆ?

ಮರುದಿನ ಅವಳು ಟಾರ್ಪಾಲು ಹಿಡಿದು ನನ್ನ ಬಾಗಿಲಿಗೆ ಬಂದಳು. ಕುತ್ತಿಗೆಗೆ ಒತ್ತದ ಹಾಗೆ ಎದೆಗೆ ಬರುವ ಪಟ್ಟಿ ಹೊಲಿದುಕೊಡಬೇಕಂತೆ. ಹೀಗೆ ಎಳೆಯುವ, ಭಾನುವಾರ ಹೋಗುವ ನಾಯಿಗೆ ಇದೆಲ್ಲ ಯಾಕೆ ಎಂದು ಕೇಳಿದೆ.

"ಎಳುದ್ ತಪ್ಪಲ್ಲ ಹೆಣೆ," ಎಂದಳು. "ಎಳುಕೆ ಎಂತಾರೂ ಬೇಕ್ ಅದ್ಕ್."

ಶನಿವಾರ ಬೆಳಿಗ್ಗೆ ಬಲೆ ಬಿಟ್ಟಿದ್ದರು. ನಾನು ಮೀನಿಗೆಂದು ಹೋಗಿದ್ದೆ. ದೊಡ್ಡಕ್ಕ ಭೀಮನನ್ನು ಹಿಡಿದು ಮರಳಿನಲ್ಲಿ ಇಳಿದು ಬಂದಳು. ಬುಟ್ಟಿಯ ಹೆಂಗಸರ ಹತ್ತಿರ ನಿಲ್ಲದೆ ನೇರ ಹಗ್ಗದ ತುದಿಗೆ ಹೋಗಿ ಎದೆಪಟ್ಟಿಯನ್ನು ಅದಕ್ಕೆ ಬಿಗಿದಳು. ತಮ್ಮ ಸಾಲಿನ ಮುಂದಿನಿಂದ, ಅಕ್ಕಾ ಮೇಲೆ ಹೋಗು ಎಂದು ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ. ಅವಳು ಎರಡು ಹೆಜ್ಜೆ ದೂರವಾದರೂ ಭೀಮ ಅವಳ ಕಡೆಗೇ ತಿರುಗುತ್ತಿದ್ದ, ಹಾಗಾಗಿ ಅವನಿಗೂ ಕೊನೆಯ ಗಂಡಸಿಗೂ ನಡುವೆ ತಾನೇ ನಿಂತು ಬಲಗೈಯಿಂದ ಹಗ್ಗ ಹಿಡಿದಳು. ಭೀಮ ತಲೆ ತಗ್ಗಿಸಿ, ಮರಳಿಗೆ ಕಾಲು ಊರಿ ಎಳೆಯತೊಡಗಿದ. ಸಾಲು ಎಳೆದಾಗ ಎಳೆದ, ಸಾಲು ನಿಂತಾಗ ನಾಲಿಗೆ ಚಾಚಿ ನಿಂತ. ಅಷ್ಟು ದಿನ ಓಣಿಯಲ್ಲಿ ರಂಪ ಮಾಡಿದ ಪ್ರಾಣಿ ಇದೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ಹೆಚ್ಚು ನೋಡಿದ್ದು ದೊಡ್ಡಕ್ಕನ ಮುಖವನ್ನು. ಅಂಥ ಮುಖ ಅವಳಿಗಿದೆ ಎಂದೇ ನನಗೆ ಗೊತ್ತಿರಲಿಲ್ಲ...

ಬಲೆ ದಡಕ್ಕೆ ಬಂತು, ಬಂಗುಡೆ ಚೆನ್ನಾಗಿಯೇ ಬಿದ್ದಿತ್ತು. ತಮ್ಮ ಪಾಲು ಹಾಕತೊಡಗಿದ. ಎಲ್ಲರ ರಾಶಿ ಮುಗಿಯಿತು. ನಂತರ ಬಗ್ಗಿ ಇನ್ನೆರಡು ರಾಶಿ ಹಾಕಿದ, ಒಂದು ಅಕ್ಕನಿಗೆ, ಒಂದು ನಾಯಿಗೆ. ಯಾರೋ ಗೊಣಗಿದರು.

"ಹಗ್ಗ ಹಿಡ್ದರಿಗ್ ಪಾಲ್ ಕೊಡ್ಕ್," ಎಂದ ಅವನು, ಯಾರ ಮುಖವನ್ನೂ ನೋಡದೆ.

ಭಾನುವಾರ ಯಾರೂ ಬ್ರಹ್ಮಾವರದ ಸುದ್ದಿ ಎತ್ತಲಿಲ್ಲ. ಶನಿವಾರ ಸಂಜೆಯೇ ದೊಡ್ಡಕ್ಕ ಬೇಲಿಯ ಹತ್ತಿರ ಬಂದು ಬಾಳೆಲೆಯಲ್ಲಿ ಸುತ್ತಿದ ಬಂಗುಡೆಯನ್ನು ನನ್ನ ಕೈಗಿಟ್ಟಿದ್ದಳು. ಅದಕ್ಕೂ ಮೊದಲು ಎಷ್ಟೋ ಸಲ ಮೀನು ಕೊಟ್ಟವಳೇ. ಅವತ್ತು ಮಾತ್ರ, "ಇದ್ ನನ್ ಪಾಲಿಂದ್," ಎಂದು ಹೇಳಿ ಕೊಟ್ಟಳು. ಮುಂದೆ ಬಲೆ ಎಳೆದ ದಿನಗಳಲ್ಲೆಲ್ಲ ಅದೇ ಬೇಲಿ, ಅದೇ ಮಾತು. ಕೇಳಿ ಕೇಳಿ ನನಗೆ ನಗು ಬರುತ್ತಿತ್ತು.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಜ್ವರವೆಂದು ಮಲಗಿದ ದೊಡ್ಡಕ್ಕ ಮತ್ತೆ ಏಳಲಿಲ್ಲ. ಅವಳಿಲ್ಲದ ಮೇಲೆ ನಾಯಿಯನ್ನು ಹಿಂದಕ್ಕೆ ಕೊಡುತ್ತೀರಾ ಎಂದು ಬ್ರಹ್ಮಾವರದ ಆ ಹುಡುಗಿ ಫೋನು ಮಾಡಿ ಕೇಳಿದಾಗ, ಅದು ನಮ್ಮ ಬಲೆಯದು ಎಂದುಬಿಟ್ಟನಂತೆ ತಮ್ಮ.

ಈಗ ಭೀಮನ ಮೂತಿ ನರೆತಿದೆ. ಮೈ ಇಳಿದು ಎದೆಪಟ್ಟಿ ಜಾರುತ್ತಿದೆ ಎಂದೇ ತಮ್ಮ ಅದನ್ನು ಬಿಗಿ ಮಾಡಲು ಕೊಟ್ಟಿದ್ದ. ಸಂಜೆ ಒಯ್ಯಲು ಬಂದಾಗ, ಮುದಿ ನಾಯಿಗೆ ಇನ್ನು ಹಗ್ಗ ಯಾಕಣ್ಣ ಎಂದೆ. ಎಳೆಯಲು ಆಗುವುದಿಲ್ಲ, ಆದರೆ ಕಟ್ಟದಿದ್ದರೆ ಅಳುತ್ತದೆ ಎಂದ. ಹೋಗಲು ಎದ್ದವನು ಹೊಸ್ತಿಲಲ್ಲಿ ನಿಂತ.

"ಅಕ್ಕನ ಜಾಗ ಹಾಂಗೇ ಖಾಲಿ ಇತ್ತ್. ನಾಳೆ ನೀ ಬಾ."

ಹೋದೆ. ಭೀಮನಿಗೂ ಕೊನೆಯ ಗಂಡಸಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವನ್ನು ಅವರು ಇಷ್ಟು ಕಾಲ ಬಿಟ್ಟೇ ಎಳೆಯುತ್ತಿದ್ದರು. ಹಗ್ಗ ಒದ್ದೆಯಾಗಿ ತಣ್ಣಗಿತ್ತು, ಸೂಜಿ ಹಿಡಿಯುವ ನನ್ನ ಅಂಗೈ ಒಂದೇ ಗಳಿಗೆಯಲ್ಲಿ ಸುಲಿಯಿತು. ಅಳು ಬಂತು, ಅತ್ತುಬಿಟ್ಟೆ. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ನನ್ನ ಮುಂದೆಯೂ ಒಂದು ಸಣ್ಣ ರಾಶಿ ಬಿತ್ತು.

ಸಂಜೆ ಆ ರಾಶಿಯಲ್ಲಿ ಅರ್ಧದಷ್ಟು ಬಂಗುಡೆಯನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಬೇಲಿಯವರೆಗೆ ಹೋದೆ. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. ಕೇಳಬೇಕಾದವಳು ಆಚೆ ಇರಲಿಲ್ಲ.