ಗೋಮಾಯು ಎಂಬ ನರಿ

ಆಗೆಲ್ಲ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಚಳಿಗಾಲ ಬಂತೆಂದರೆ ಅವರೆಕಾಯಿಯ ಸೊಗಡಿನ ಜೊತೆಗೇ ಬರುತ್ತಿತ್ತು. ಹೆಂಗಸರು ಜಗಲಿಯಲ್ಲಿ ಕೂತು ಅವರೆ ಹಿತುಕುವರು, ನಾವು ಹುಡುಗಿಯರು ಅಂಗಳದಲ್ಲಿ ಕುಂಟಾಬಿಲ್ಲೆ ಆಡುವೆವು. ಅಂಥದೊಂದು ಚಳಿಗಾಲದಲ್ಲಿ ನಾನು ನರಿಯಾದೆ.

ನಾಲ್ಕನೇ ಕ್ಲಾಸು. ಸ್ಕೂಲ್ ಡೇ ನಾಟಕವನ್ನು ನಮ್ಮ ಕನ್ನಡ ಮಿಸ್ಸೇ ಬರೆದಿದ್ದರು. ನರಿಯ ಪಾರ್ಟು ನನಗೆ ಬಂತು, ಖುಷಿಯಲ್ಲಿ ಕುಣಿದೆ. ಮಿಸ್ಸು ಬರೀ ನರಿ ಅಂತ ಬಿಟ್ಟಿದ್ದರೆ ಆಗುತ್ತಿತ್ತು. ಹಳೆಯ ಕಾವ್ಯಗಳಲ್ಲಿ ನರಿಗೆ ಇರುವ ಹೆಸರು ಅಂತ 'ಗೋಮಾಯು' ತಂದು ಅಂಟಿಸಿದರು. ಪಕ್ಕದ ಮನೆಯ ವಿಮಲಾ ಅದನ್ನು ಗೋಮಯ ಮಾಡಿದಳು. ಮಾರನೇ ದಿನದಿಂದ ನಾನು ಆಟಕ್ಕೆ ಹೋದರೆ ಸಾಕು, "ಸಗಣಿ ಬಂದ್ಲು, ಜಾಗ ಬಿಡ್ರೇ." ಅಳು ಬಂತು. ಪಾರ್ಟೇ ಬೇಡ ಅಂದುಬಿಡೋಣ ಅನ್ನಿಸಿತು. ಆದರೂ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು: ನರಿಗೂ ಸಗಣಿಗೂ ಎಲ್ಲಿಯ ನಂಟು?

ಮಿಸ್ಸನ್ನೇ ಕೇಳಿದೆ. ಗೋ ಅಂದರೆ ಹಸು, ಮಾಯು ಅಂದರೆ ಕೂಗು, ಹಸುವಿನ ಹಾಗೆ ಕೂಗುವುದು ಗೋಮಾಯು ಅಂತ ಬಿಡಿಸಿ ಹೇಳಿದರು. ನರಿ ಊಳಿಡುತ್ತದೆ ಅಂತಲ್ಲವೇ ಓದಿದ್ದು, 'ಅಂಬಾ' ಅನ್ನುವುದು ಹೇಗೆ? ಮಿಸ್ಸು ತಾವೂ ಕೇಳಿಲ್ಲವೆಂದು ನಕ್ಕರು. ವಿಮಲಾಗೆ ಹೋಗಿ ಅರ್ಥ ಹೇಳಿದರೆ, ಹಾಗಾದರೆ ಕೂಗಿ ತೋರಿಸು ಅಂದಳು. ಅಜ್ಜಿಯನ್ನು ಕೇಳೋಣವೆಂದು ಅಡಿಗೆಮನೆಗೆ ಓಡಿದೆ.

ಅಜ್ಜಿ ಒಲೆಯ ಮುಂದೆ ಹುಳಿ ಕೈಯಾಡಿಸುತ್ತಿದ್ದಳು. ಅವಳು ಮದುವೆಯಾಗಿ ಹನುಮಂತನಗರದ ಕಡೆ ಬಂದಾಗ ಗುಡ್ಡದ ಸುತ್ತ ಮನೆಗಳಿಗಿಂತ ಪೊದೆಗಳೇ ಜಾಸ್ತಿಯಂತೆ. ದೀಪ ಹಚ್ಚುವ ಹೊತ್ತಿಗೆ ಮೊದಲ ಸಲ ನರಿ ಕೂಗಿದ್ದು ಕೇಳಿ, ಯಾರದೋ ಹಸು ಕರು ಕಳೆದುಕೊಂಡಿದೆ ಅಂದುಕೊಂಡು ಬಾಗಿಲಿಗೆ ಓಡಿ ಬಂದಳಂತೆ. ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದಂತೆ.

"ನರಿ ಕೂಗು ಗಿರಿ ಮುಟ್ಟುತ್ಯೇ ಅಂತಾರೆ. ಗಿರಿ ವಿಷ್ಯ ನಂಗೊತ್ತಿಲ್ಲ ಕಣೇ, ನಮ್ಮ ಅಡಿಗೆಮನೆಗಂತೂ ಮುಟ್ತಿತ್ತು."

ಸೌಟು ಕೆಳಗಿಟ್ಟು ಅಜ್ಜಿ ಕೂಗಿಯೇ ಬಿಟ್ಟಳು. 'ಅಂಬಾ' ಅಂತಲೇ ಶುರುವಾದ ದನಿ ನಡುವೆ ಮುರಿದು, ಮೇಲೇರಿ, ತೆಳ್ಳಗಾಗಿ ನಿಂತಿತು. ಈ ಹೆಸರಿಟ್ಟವರೂ ಯಾವತ್ತೋ ಹೀಗೇ ಮೋಸಹೋಗಿ ಬಾಗಿಲಿಗೆ ಓಡಿ ಬಂದಿದ್ದರೇನೋ ಅಂದುಕೊಂಡೆ.

ನಾಟಕದ ದಿನ ಹಾಗೇ ಕೂಗಿದೆ. ಮಾರನೇ ದಿನ ವಿಮಲಾ ತಾನಾಗಿ ಬಂದು, "ನಂಗೂ ಹೇಳ್ಕೊಡೇ" ಅಂದಳು. ಆಮೇಲೆ ವಠಾರದ ಮಕ್ಕಳೆಲ್ಲ ಗೋಮಾಯುಗಳೇ. ದೊಡ್ಡವರಿಗೆ ತಲೆ ಚಿಟ್ಟು ಹಿಡಿಯಿತು.

ಈಗ ಅಜ್ಜಿಯಿಲ್ಲ. ಆ ಗುಡ್ಡದ ಕಡೆ ನರಿ ಕೂಗಿದ್ದನ್ನು ಕೇಳಿದವರೂ ನನಗೆ ತಿಳಿದಂತೆ ಯಾರೂ ಉಳಿದಿಲ್ಲ. ಮೊನ್ನೆ ಮಗಳಿಗೆ ಇದನ್ನೆಲ್ಲ ಹೇಳಿ ಕೂಗಿ ತೋರಿಸಿದೆ. ಅವಳು ಮೊಬೈಲಿನಲ್ಲಿ ನಿಜವಾದ ನರಿಯ ಕೂಗು ಹುಡುಕಿ ಹಾಕಿ, "ಅಮ್ಮ, ನಿಂದು ಮ್ಯಾಚೇ ಆಗಲ್ಲ" ಅಂದಳು. ಹೌದು, ಆಗಲಿಲ್ಲ. ತಪ್ಪಿದ್ದು ಅಜ್ಜಿಯೋ, ನನ್ನ ನೆನಪೋ, ಈಗ ಯಾರನ್ನು ಕೇಳಲಿ? ಮೊಬೈಲಿನಲ್ಲಿ ನರಿಗಳು ಬೇಕಾದಷ್ಟಿವೆ. ಅಜ್ಜಿಯ ದನಿಯನ್ನು ನಾವ್ಯಾರೂ ಒಂದು ಸಲವೂ ಹಿಡಿದಿಟ್ಟುಕೊಳ್ಳಲಿಲ್ಲ.