ಎಡ್ನಾಳ ವಸಂತದ ಪಟ್ಟಿ
ಕೆನಡಾದ ಕೇಪ್ ಬ್ರೆಟನ್ ದ್ವೀಪದ ನಮ್ಮ ಗಣಿಯೂರಿನಲ್ಲಿ ಪುಸ್ತಕ ಪ್ರಕಟಿಸುವ ಎಡ್ನಾ ಮ್ಯಾಕ್‌ಆಸ್ಕಿಲ್‌ಗೆ ಲೋಕದಲ್ಲಿ ಇರುವುದು ಎರಡೇ ಜಾತಿ: ಬರೆದು ಮುಗಿಸಿದವರು, ಇನ್ನೂ ಮುಗಿಸದವರು. ಮೀನಿನಂಗಡಿಯಲ್ಲಾಗಲಿ, ಸಾವಿನ ಮನೆಯಲ್ಲಾಗಲಿ, ಲೇಖಕರು ಕಂಡರೆ ತೋಳು ಹಿಡಿದು, "ಎಲ್ಲಿಗೆ ಬಂತಪ್ಪಾ ಪುಸ್ತಕ? ಪಟ್ಟೀಲಿ ಹಾಕ್ಬಿಟ್ಟಿದೀನಿ, ನನ್ನ ಮಾನ ಕಳೀಬೇಡ" ಎನ್ನುತ್ತಾಳೆ. ಮುಂಬರುವ ಪುಸ್ತಕಗಳ ಆ ಪಟ್ಟಿಯಲ್ಲಿ ಪುಸ್ತಕ ಬರುವ ತಿಂಗಳು ಒಮ್ಮೆ ಅಚ್ಚಾದ ಮೇಲೆ ಅದನ್ನು ಅವಳು ಬದಲಿಸಿದ್ದನ್ನು, ಹತ್ತು ವರ್ಷದಿಂದ ಅವಳ ಬಳಿ ಕರಡು ತಿದ್ದುತ್ತಿರುವ ನಾನು ಕಂಡಿರಲಿಲ್ಲ. "ಹೆರಿಗೆ ನೋವು ಬಂದ್ರೂ ಕರಡು ಕೊಟ್ಟು ಹೋಗು ಅಂತಾಳೆ" ಎಂದು ಊರವರು ನಗುತ್ತಾರೆ. ಕಳೆದ ಚಳಿಗಾಲದಲ್ಲಿ ಮಾತ್ರ, ವಸಂತದ ಪಟ್ಟಿಯಲ್ಲಿ ಏಪ್ರಿಲ್‌ಗೆ ಬರಬೇಕಿದ್ದ, ಹಳೆಯ ಗಣಿ ಕೆಲಸಗಾರ ಲಾಕಿ ಬೂಟಿಲಿಯರನ ನೆನಪುಗಳ ಪುಸ್ತಕವನ್ನು ಡಿಸೆಂಬರಿನಲ್ಲೇ ಒಂದೇ ಒಂದು ಪ್ರತಿ ಅಚ್ಚು ಹಾಕಿಸಿ, ಕೈಯಾರೆ ಹೊಲಿದು, ಅವನಿದ್ದ ಆಸ್ಪತ್ರೆಗೆ ಒಯ್ದಳು. ಕಲ್ಲಿದ್ದಲ ಧೂಳು ಲಾಕಿಯ ಶ್ವಾಸಕೋಶವನ್ನು ತಿಂದು ಮುಗಿಸಿತ್ತು. ಅವನು ನೇರವಾಗಿ ಕೊನೆಯ ಪುಟ ತೆರೆದ. ಅಲ್ಲಿ ಅದೇ ಧೂಳಿಗೆ ಬಲಿಯಾದ ನಲವತ್ತೊಂದು ಗೆಳೆಯರ ಹೆಸರುಗಳಿದ್ದವು. "ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆಯಲ್ಲ, ಎಡ್ನಾ." "ಇದೆ, ಲಾಕಿ." "ನನ್ನ ಹೆಸರು ಎಲ್ರೂ ತಪ್ಪು ಬರೀತಾರೆ, ನೋಡ್ಕೋ ಮತ್ತೆ." ಏಪ್ರಿಲ್‌ನಲ್ಲಿ ಬಂದ ಪುಸ್ತಕದಲ್ಲಿ ನಲವತ್ತೆರಡು ಹೆಸರುಗಳಿವೆ. ಕೊನೆಯದರ ಕರಡನ್ನು ಅವಳು ನನ್ನ ಕೈಗೆ ಕೊಡಲಿಲ್ಲ. ಬೆರಳಿಟ್ಟು, ಅಕ್ಷರ ಅಕ್ಷರವಾಗಿ ತಾನೇ ಓದಿದಳು.